ಐರ್ಲೆಂಡಿನ ಗೇಣಿ ಹೋರಾಟದ ಪುಸ್ತಕ: ಬರಹಕ್ಕೆ ಐದು ನಕ್ಷತ್ರ, ಅಚ್ಚಿಗೆ ಒಂದೂವರೆ

ಮೈಕಲ್ ಡ್ಯಾವಿಟ್ ಬರೆದ ‘ದಿ ಫಾಲ್ ಆಫ್ ಫ್ಯೂಡಲಿಸಂ ಇನ್ ಐರ್ಲೆಂಡ್’ ಮೊದಲು ಅಚ್ಚಾದದ್ದು 1904ರಲ್ಲಿ. ಐರ್ಲೆಂಡಿನ ಗೇಣಿದಾರರು ಜಮೀನುದಾರರ ಹಿಡಿತದಿಂದ ಹೇಗೆ ಬಿಡಿಸಿಕೊಂಡರು ಎಂಬುದನ್ನು ಆ ಹೋರಾಟ ಕಟ್ಟಿದವನೇ 750 ಪುಟಗಳಲ್ಲಿ ಹೇಳಿದ ಪುಸ್ತಕ ಇದು. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಹಾಗಾಗಿ ಹಳೆಯ ಪ್ರತಿಯೊಂದನ್ನು ಸ್ಕ್ಯಾನ್ ಮಾಡಿಟ್ಟುಕೊಂಡು, ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸಿ ಕಳಿಸುವವರು ಹಲವರಿದ್ದಾರೆ. ಅಂಥವರೊಬ್ಬರಿಂದ ನಾನು ಇದನ್ನು ಕುಮಟಾಕ್ಕೆ ತರಿಸಿಕೊಂಡೆ. ಇಂಗ್ಲಿಷ್ ಓದಬಲ್ಲ, ಮನೆಯಲ್ಲಿ ಗೇಣಿಯ ನೆನಪಿರುವ ನಮ್ಮ ಜಿಲ್ಲೆಯ ಪ್ರತಿಯೊಬ್ಬರೂ ಈ ಬರಹವನ್ನು ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ನಾನು ಕೊಂಡ ಪ್ರತಿಯನ್ನು ಯಾರೂ ಕೊಳ್ಳಬಾರದು.

ಅಚ್ಚಿನ ಮಾತನ್ನು ಮೊದಲೇ ಮುಗಿಸುತ್ತೇನೆ. ದುಡ್ಡು ಕೊಟ್ಟದ್ದು ಅದಕ್ಕೆ, ಅದೂ ಸಾವಿರ ರೂಪಾಯಿಗೂ ಹೆಚ್ಚು. ಮೂಲ ಪುಸ್ತಕದ ದೊಡ್ಡ ಪುಟವನ್ನು ಸಣ್ಣ ಅಳತೆಗೆ ಕುಗ್ಗಿಸಿರುವುದರಿಂದ ಅಕ್ಷರಗಳು ಕಣ್ಣು ಕೀಲಿಸಿ ನೋಡುವಷ್ಟು ಚಿಕ್ಕವಾಗಿವೆ. ಅಡಿಟಿಪ್ಪಣಿಗಳಿಗೆ ಭೂತಕನ್ನಡಿ ಬೇಕು. ಕೆಲವು ಪುಟಗಳ ಬಲ ಅಂಚಿನಲ್ಲಿ ಸಾಲಿನ ಕೊನೆಯ ಅಕ್ಷರಗಳು ಕತ್ತರಿಸಿ ಹೋಗಿವೆ. ಸ್ಕ್ಯಾನ್ ಮಾಡಿದವರ ಹೆಬ್ಬೆರಳಿನ ನೆರಳು ಒಂದೆರಡು ಕಡೆ ಹಾಗೆಯೇ ಅಚ್ಚಾಗಿದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಒಂದು ಜಾಗದಲ್ಲಿ ಎರಡು ಪುಟಗಳು ಮತ್ತೊಮ್ಮೆ ಬಂದಿವೆ, ಅವುಗಳ ಮುಂದಿನ ಎರಡು ಪುಟಗಳು ಇಲ್ಲವೇ ಇಲ್ಲ. ಮಾರಿದವರಿಗೆ ಬರೆದೆ. ಹಳೆಯ ಪುಸ್ತಕಗಳ ಮರುಮುದ್ರಣದಲ್ಲಿ ಇಂಥ ಲೋಪ ಸಹಜ ಎಂಬ ಸಿದ್ಧ ಉತ್ತರ ಬಂತು. ಸಹಜವಲ್ಲ. ಆ ಪುಟಗಳು ಮೂಲದಲ್ಲಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುವ ಸ್ಕ್ಯಾನಿನಲ್ಲೂ ಇವೆ. ಹಣ ಪಡೆಯುವವರು ಕಳಿಸುವ ಮೊದಲು ಒಮ್ಮೆ ಹಾಳೆ ತಿರುವಿ ನೋಡಬೇಕಿತ್ತು.

ಅಂಟು ಹಾಕಿದ ಬೆನ್ನು ನಮ್ಮ ಕರಾವಳಿಯ ಮಳೆಗಾಲವನ್ನು ತಡೆಯಲಿಲ್ಲ. ಆಷಾಢ ಮುಗಿಯುವ ಮೊದಲೇ ಹಾಳೆಗಳು ಕಟ್ಟುಕಟ್ಟಾಗಿ ಕೈಗೆ ಬಂದವು. ಶಿರಸಿಯಲ್ಲಿ ಶಾಲೆಯ ರಿಜಿಸ್ಟರುಗಳನ್ನೂ ಸೊಸೈಟಿಯ ಲೆಕ್ಕದ ಪುಸ್ತಕಗಳನ್ನೂ ಹೊಲಿದುಕೊಡುವ ಹಿರಿಯರೊಬ್ಬರಿದ್ದಾರೆ. ಅವರಲ್ಲಿಗೆ ಒಯ್ದೆ. ಹಾಳೆಗಳನ್ನು ಬೆರಳಲ್ಲಿ ತಟ್ಟಿ ನೋಡಿ, “ಇದು ಬಿಡಿ ಹಾಳೆ ಅಕ್ಕಾ, ಮಡಿಕೆ ಇಲ್ಲ. ಪಕ್ಕದಿಂದ ತೂತು ಕೊರೆದೇ ಹೊಲಿಯಬೇಕು. ಒಳ ಅಂಚು ಸ್ವಲ್ಪ ಹೋಗುತ್ತದೆ, ಆಮೇಲೆ ಬೈಯಬೇಡಿ” ಎಂದರು. ಕಾಣೆಯಾದ ಎರಡು ಪುಟಗಳನ್ನು ಆರ್ಕೈವ್‌ನಿಂದ ಮುದ್ರಿಸಿ ಕೊಟ್ಟಿದ್ದೆ. ಅವನ್ನು ಸರಿಯಾದ ಜಾಗದಲ್ಲಿ ಸೇರಿಸಿ, ದಪ್ಪ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಹಚ್ಚಿಕೊಟ್ಟರು. ಒಳ ಅಂಚು ಅವರು ಹೇಳಿದಷ್ಟೇ ಹೋಯಿತು, ಅಕ್ಷರಕ್ಕೆ ತಾಗಲಿಲ್ಲ. ಈಗ ಅದು ಮೇಜಿನ ಮೇಲೆ ಬಿಚ್ಚಿಟ್ಟರೆ ಬಿಚ್ಚಿದಂತೆಯೇ ಇರುತ್ತದೆ. ಅವರು ಪಡೆದ ಮಜೂರಿ ಪುಸ್ತಕದ ಬೆಲೆಯ ಕಾಲು ಭಾಗವೂ ಅಲ್ಲ. ಇಂಥ ಕೆಲಸ ಬಲ್ಲವರು ನಿಮ್ಮ ಊರಿನಲ್ಲಿದ್ದರೆ ಅವರಿಗೇ ಕೆಲಸ ಕೊಡಿ.

ಇನ್ನು ಬರಹ. ನಾನು ತಾಲ್ಲೂಕು ಕಚೇರಿಯ ಭೂಸುಧಾರಣೆ ವಿಭಾಗದಲ್ಲಿ ಗುಮಾಸ್ತೆಯಾಗಿ ದುಡಿದವಳು. ಗೇಣಿ ಜಮೀನಿನ ಹಕ್ಕು ಕೋರಿ ಹಾಕುವ ನಮೂನೆ 7ರ ಅರ್ಜಿಗಳು, ಭೂನ್ಯಾಯ ಮಂಡಳಿಯ ತೀರ್ಪುಗಳು, ಮರುವಿಚಾರಣೆಗೆಂದು ಹೈಕೋರ್ಟಿನಿಂದ ವಾಪಸು ಬಂದ ಕಡತಗಳು, ಇವುಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಹುಟ್ಟಿದ್ದೂ ಗೇಣಿದಾರರ ಮನೆಯಲ್ಲೇ. ಅಘನಾಶಿನಿಯ ಉಪ್ಪುನೀರು ಏರಿಳಿಯುವ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗದ ಭತ್ತ ಬೆಳೆದ ಮನೆ ನಮ್ಮದು. ಆ ಕಣ್ಣಿನಿಂದಲೇ ಈ ಪುಸ್ತಕವನ್ನು ಓದಿದ್ದೇನೆ. ಇತಿಹಾಸದ ಪ್ರಾಧ್ಯಾಪಕರು ಬೇರೆ ರೀತಿ ಅಳೆಯಬಹುದು.

ಡ್ಯಾವಿಟ್ ಹುಟ್ಟಿದ್ದು 1846ರಲ್ಲಿ, ಐರ್ಲೆಂಡಿನ ಪಶ್ಚಿಮದ ಮೇಯೋ ಜಿಲ್ಲೆಯ ಸ್ಟ್ರೇಡ್ ಎಂಬ ಹಳ್ಳಿಯಲ್ಲಿ. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಮಹಾಕ್ಷಾಮ ಕವಿದಿದ್ದ ವರ್ಷಗಳು ಅವು. ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. 1850ರಲ್ಲಿ ಗೇಣಿ ಬಾಕಿಗಾಗಿ ಡ್ಯಾವಿಟ್ ಕುಟುಂಬವನ್ನು ಹೊರಹಾಕಲಾಯಿತು. ಆಗ ಅವನಿಗೆ ನಾಲ್ಕು ವರ್ಷ. ಗತಿಯಿಲ್ಲದವರನ್ನು ದುಡಿಸಿಕೊಂಡು ಇಟ್ಟುಕೊಳ್ಳುವ ‘ವರ್ಕ್‌ಹೌಸ್’ಗೆ ಹೋದರೆ, ಮೂರು ವರ್ಷ ದಾಟಿದ ಗಂಡುಮಕ್ಕಳನ್ನು ತಾಯಿಯಿಂದ ಬೇರೆ ಇಡುವುದು ಅಲ್ಲಿನ ನಿಯಮ ಎಂದರು. ತಾಯಿ ಒಪ್ಪಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೊರಬಂದಳು. ಕುಟುಂಬ ಇಂಗ್ಲೆಂಡಿನ ಲ್ಯಾಂಕಶೈರಿಗೆ ಹೋಯಿತು. ಅಲ್ಲಿನ ಹತ್ತಿ ಗಿರಣಿಯಲ್ಲಿ ಹನ್ನೊಂದನೆಯ ವಯಸ್ಸಿಗೆ ಅವನ ಬಲಗೈ ಯಂತ್ರಕ್ಕೆ ಸಿಕ್ಕಿತು, ಕತ್ತರಿಸಬೇಕಾಯಿತು. ಈ 750 ಪುಟಗಳು ಒಂದೇ ಕೈಯ ಮನುಷ್ಯ ಎಡಗೈಯಿಂದ ಬರೆದವು. ಮುಂದೆ ಗುಪ್ತ ಕ್ರಾಂತಿಕಾರಿ ಸಂಘ ಸೇರಿದ. 1870ರಲ್ಲಿ ಶಸ್ತ್ರಾಸ್ತ್ರ ಸಾಗಿಸಿದ ಆರೋಪದ ಮೇಲೆ 15 ವರ್ಷಗಳ ಶಿಕ್ಷೆಯಾಯಿತು. ಏಳು ವರ್ಷಗಳ ನಂತರ, 1877ರ ಡಿಸೆಂಬರಿನಲ್ಲಿ ಷರತ್ತಿನ ಮೇಲೆ ಹೊರಬಂದಾಗ, ಬಂದೂಕಿನಿಂದ ಆಗದ್ದು ಗೇಣಿಯ ಪ್ರಶ್ನೆಯಿಂದ ಆಗುತ್ತದೆ ಎಂಬ ನಿಲುವಿಗೆ ಬರತೊಡಗಿದ್ದ.

ಇಷ್ಟೆಲ್ಲ ಅನುಭವಿಸಿದವನು ತನ್ನ ಕಥೆಯನ್ನು ಇದರಲ್ಲಿ ಹೇಳಿಕೊಳ್ಳುವುದು ಬಹಳ ಕಡಿಮೆ. ಸಭೆ ಯಾರು ಕರೆದರು, ಕರಪತ್ರ ಎಲ್ಲಿ ಅಚ್ಚಾಯಿತು, ನಿರ್ಣಯದಲ್ಲಿ ಏನಿತ್ತು, ಅದರ ಮರುದಿನ ಜಮೀನುದಾರ ಏನು ಮಾಡಿದ, ಇದೇ ಅವನ ಗಮನ. ಕಡತ ನೋಡಿ ಬದುಕಿದ ನನಗೆ ಇದು ಹಿಡಿಸಿತು.

ಅಂದಿನ ಐರ್ಲೆಂಡಿನಲ್ಲಿ ಅರ್ಧದಷ್ಟು ನೆಲ ಎಂಟುನೂರಕ್ಕೂ ಕಡಿಮೆ ಕುಟುಂಬಗಳ ಕೈಯಲ್ಲಿತ್ತು. ಹಲವು ಒಡೆಯರು ಇಂಗ್ಲೆಂಡಿನಲ್ಲೇ ಇರುತ್ತಿದ್ದರು, ಇಲ್ಲಿ ವಸೂಲಿಗೆ ಅವರ ಏಜೆಂಟರು. ಉಳುವವರಲ್ಲಿ ಬಹುಪಾಲು ಜನರಿಗೆ ಕಾಗದವಿಲ್ಲ, ವರ್ಷದಿಂದ ವರ್ಷಕ್ಕೆ ಒಡೆಯನ ಮರ್ಜಿ. ಜೌಗು ಬಸಿದು, ಕಲ್ಲು ಹೆಕ್ಕಿ, ಗೋಡೆ ಕಟ್ಟಿ ನೆಲವನ್ನು ಒಳ್ಳೆಯದು ಮಾಡಿದರೆ ಅದೇ ಕಾರಣಕ್ಕೆ ಗೇಣಿ ಏರುತ್ತಿತ್ತು. ಏರಿದ್ದನ್ನು ಕೊಡಲಾಗದಿದ್ದರೆ ನೋಟಿಸು, ಆಮೇಲೆ ಪೊಲೀಸರ ಕಾವಲಿನಲ್ಲಿ ಹಾರೆಯಿಂದ ಮನೆಯ ಮಾಡು ಕೆಡಹುವುದು. ಈ ಅಧ್ಯಾಯಗಳನ್ನು ಓದುತ್ತಿದ್ದಾಗ ಒಡೆಯ ಬೇಕೆಂದಾಗ ಬಿಡಿಸಬಹುದಾಗಿದ್ದ ನಮ್ಮ ಚಾಲಗೇಣಿಯ ಕಡತಗಳೇ ಕಣ್ಣ ಮುಂದೆ ಬಂದವು. ನನ್ನ ಅಜ್ಜ ಗಜನಿಯ ಒಡ್ಡು ಕಟ್ಟಿದವನು. ಹೊಳೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿ, ಒಡ್ಡಿನ ತೂಬಾದ ಜಂತ್ರಡಿಗೆ ಹಲಗೆ ಕೂರಿಸಿ, ಉಬ್ಬರದ ಉಪ್ಪುನೀರನ್ನು ಹೊರಗೆ ನಿಲ್ಲಿಸಿದವನು. ಒಡ್ಡು ನಿಂತು ಬೆಳೆ ಬಂದ ಮೇಲೆ ಗೇಣಿಯ ಭತ್ತ ಹೆಚ್ಚಿತು. ಗೇಣಿ ಅಳೆದುಕೊಟ್ಟದ್ದಕ್ಕೆ ಚೀಟಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದೆ ಭೂನ್ಯಾಯ ಮಂಡಳಿಯ ಎದುರು ಎಷ್ಟೋ ಮನೆಗಳು ಎಡವಿದ್ದು ಇದೇ ಚೀಟಿಯ ವಿಷಯಕ್ಕೆ. ಉತ್ತದ್ದಕ್ಕೆ ಊರೇ ಸಾಕ್ಷಿ, ಆದರೆ ಪಹಣಿಯ ಕಾಲಮ್ಮಿನಲ್ಲಿ ಹೆಸರಿಲ್ಲ.

ಪುಸ್ತಕದ ಜೀವ ಇರುವುದು 1879ರಿಂದ 1882ರವರೆಗಿನ ಭಾಗದಲ್ಲಿ. ಸತತ ಮಳೆ, ಬೆಳೆನಾಶ, ಬೀಳುತ್ತಿದ್ದ ಧಾರಣೆ, ಇವುಗಳ ನಡುವೆ 1879ರ ಏಪ್ರಿಲ್ 20ರಂದು ಮೇಯೋದ ಐರಿಶ್‌ಟೌನ್‌ನಲ್ಲಿ ದೊಡ್ಡ ಸಭೆ ನಡೆಯಿತು. ಅಲ್ಲಿ ಗೇಣಿಯ ಕಾಟ ಕೊಡುತ್ತಿದ್ದವನು ಒಬ್ಬ ಕ್ಯಾಥೊಲಿಕ್ ಪಾದ್ರಿ. ಗೇಣಿದಾರರೂ ಕ್ಯಾಥೊಲಿಕ್ಕರು, ಸಭೆ ಕಟ್ಟಿದವರಲ್ಲಿ ಹೆಚ್ಚಿನವರೂ ಕ್ಯಾಥೊಲಿಕ್ಕರು. ಆದರೂ ಸಭೆ ನಡೆಯಿತು, ಗೇಣಿ ಇಳಿಯಿತು. ತಮ್ಮ ಧರ್ಮದ ಗುರುವಿನ ಎದುರೇ ಮೊದಲ ಸಭೆ ಸೇರುವುದಕ್ಕೆ ಎಂಥ ಎದೆಗಾರಿಕೆ ಬೇಕು ಎಂಬುದು ನಮ್ಮ ಕಡೆಯ ಮಠ, ದೇವಸ್ಥಾನಗಳ ಉಂಬಳಿ ಭೂಮಿಯ ಗೇಣಿದಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷದ ಅಕ್ಟೋಬರ್ 21ರಂದು ಡಬ್ಲಿನ್‌ನಲ್ಲಿ ಐರಿಶ್ ನ್ಯಾಷನಲ್ ಲ್ಯಾಂಡ್ ಲೀಗ್ ಹುಟ್ಟಿತು. ಅಧ್ಯಕ್ಷ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್, ಸ್ವತಃ ಜಮೀನುದಾರ, ಪ್ರೊಟೆಸ್ಟಂಟ್, ಸಂಸತ್ ಸದಸ್ಯ. ಮೇಯೋದ ಗೇಣಿದಾರನ ಮಗ ವಿಕ್ಲೋದ ಜಮೀನುದಾರನನ್ನು ತನ್ನ ಸಂಘದ ತಲೆಗೆ ಯಾಕೆ ಕೂರಿಸಿದ ಎಂಬುದನ್ನು ಡ್ಯಾವಿಟ್ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅವನಿಗೆ ಬೇಕಾಗಿದ್ದದ್ದು ಪಾರ್ಲಿಮೆಂಟಿನಲ್ಲಿ ಕೇಳಿಸುವ ಒಂದು ದನಿ.

1880ರ ಶರತ್ಕಾಲದ ಪ್ರಸಂಗ ‘ಬಾಯ್ಕಾಟ್’ ಎಂಬ ಹೆಸರಿನಿಂದ ಎಲ್ಲರಿಗೂ ಗೊತ್ತು. ಲಾರ್ಡ್ ಅರ್ನ್‌ನ ಏಜೆಂಟ್ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಗೇಣಿ ಇಳಿಸಲು ಒಪ್ಪದೆ ಹೊರಹಾಕುವ ನೋಟಿಸು ಹೊರಡಿಸಿದ. ನೋಟಿಸು ತಂದವನನ್ನು ಊರಿನ ಹೆಂಗಸರು ಮಣ್ಣು, ಗೊಬ್ಬರ ಎಸೆದು ಓಡಿಸಿದರು. ಆಮೇಲೆ ಅವನ ಹೊಲಕ್ಕೆ ಆಳು ಬರಲಿಲ್ಲ, ಕಮ್ಮಾರ ಲಾಳ ಕಟ್ಟಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ಯಾರೂ ಅವನ ಮೈ ಮುಟ್ಟಲಿಲ್ಲ. ಬೆಳೆ ತೆಗೆಯಲು ಉತ್ತರದ ಜಿಲ್ಲೆಗಳಿಂದ 50 ಜನರನ್ನು ಕರೆಸಿದರು, ಅವರ ಕಾವಲಿಗೆ ಸಾವಿರದಷ್ಟು ಸೈನಿಕರು, ಪೊಲೀಸರು ಬಂದರು. ಕೆಲವು ನೂರು ಪೌಂಡಿನ ಬೆಳೆಗೆ ಸಾವಿರಾರು ಪೌಂಡು ಖರ್ಚು. ವರ್ಷ ಮುಗಿಯುವ ಮೊದಲೇ ಬಾಯ್ಕಾಟ್ ಊರು ಬಿಟ್ಟ.

ಈ ಅಧ್ಯಾಯದಲ್ಲಿ ನಾನು ಬಹಳ ಹೊತ್ತು ನಿಂತೆ. ಊರಿನಿಂದ ಹೊರಗಿಡುವುದು ನಮಗೂ ಹೊಸದಲ್ಲ. ಬಾವಿ, ಬೆಂಕಿ, ಕ್ಷೌರ, ಮದುವೆಯ ಮಾತು ಎಲ್ಲ ನಿಲ್ಲಿಸಿ ಒಂದು ಮನೆಯನ್ನು ಮಂಡಿಯೂರಿಸುವ ಪದ್ಧತಿ ನಮ್ಮಲ್ಲಿ ಇತ್ತು, ಕೆಲವೆಡೆ ಇನ್ನೂ ಇದೆ. ಆದರೆ ಇಲ್ಲಿ ಅದನ್ನು ಬಲಾಢ್ಯರು ಬಡವರ ಮೇಲೆ, ಮೇಲುಜಾತಿಯವರು ಕೆಳಜಾತಿಯವರ ಮೇಲೆ ಹೂಡಿದ್ದೇ ಹೆಚ್ಚು. ಮೇಯೋದಲ್ಲಿ ಅದು ಕೆಳಗಿನಿಂದ ಮೇಲಕ್ಕೆ ತಿರುಗಿತು. ನಮ್ಮ ಜಿಲ್ಲೆಯಲ್ಲೂ ಒಮ್ಮೆ ಹಾಗೆ ತಿರುಗಿದ್ದುಂಟು. ಕರನಿರಾಕರಣೆಯ ಕಾಲದಲ್ಲಿ, 1930ರ ದಶಕದ ಆರಂಭದಲ್ಲಿ, ಅಂಕೋಲೆ, ಸಿದ್ದಾಪುರ ಕಡೆಯ ರೈತರು ತೀರ್ವೆ ಕಟ್ಟದೆ ಜಮೀನು ಕಳೆದುಕೊಂಡರು. ಸರ್ಕಾರ ಆ ಜಮೀನನ್ನು ಹರಾಜು ಹಾಕಿದಾಗ, ಕೂಗಿ ಕೊಂಡವರ ಮನೆಯ ಎದುರು ಸಿದ್ದಾಪುರ ಸೀಮೆಯ ಹೆಂಗಸರು ಸತ್ಯಾಗ್ರಹ ಕುಳಿತರು. ಮಾವಿನಗುಂಡಿಯಲ್ಲಿ ಅವರ ನೆನಪಿನ ಸ್ಮಾರಕವಿದೆ. ಜೋಗಕ್ಕೆ ಹೋಗುವವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಡ್ಯಾವಿಟ್ ಬರೆದ ಲ್ಯಾಂಡ್ ಲೀಗ್‌ನ ನಿಯಮವೂ ಅದೇ ಆಗಿತ್ತು: ಒಬ್ಬನನ್ನು ಹೊರಹಾಕಿದ ನೆಲವನ್ನು ಇನ್ನೊಬ್ಬ ಹಿಡಿಯಬಾರದು. ಹಿಡಿದವನ ಜೊತೆ ಮಾತು, ವ್ಯವಹಾರ ಇಲ್ಲ.

ಹೆಂಗಸರ ಮಾತು ಬಂದದ್ದರಿಂದ ಹೇಳುತ್ತೇನೆ. 1881ರಲ್ಲಿ ಪುರುಷ ನಾಯಕರೆಲ್ಲ ಜೈಲು ಸೇರುವ ಲಕ್ಷಣ ಕಂಡಾಗ, ಮಹಿಳೆಯರದೇ ಸಂಘ ಬೇಕು ಎಂದು ಹಟ ಹಿಡಿದವನು ಡ್ಯಾವಿಟ್. ಪಾರ್ನೆಲ್‌ಗೂ ಉಳಿದವರಿಗೂ ಅದು ಇಷ್ಟವಿರಲಿಲ್ಲ. ಪಾರ್ನೆಲ್‌ನ ತಂಗಿ ಆನಾ ಪಾರ್ನೆಲ್ ಲೇಡೀಸ್ ಲ್ಯಾಂಡ್ ಲೀಗ್‌ನ ಹೊಣೆ ಹೊತ್ತಳು. ಹೊರಹಾಕಲಾದವರಿಗೆ ಮರದ ಗುಡಿಸಲು ಕಟ್ಟಿಸುವುದು, ಜೈಲಿನಲ್ಲಿದ್ದವರ ಮನೆಗೆ ದುಡ್ಡು ಮುಟ್ಟಿಸುವುದು, ಎಲ್ಲಿ ಯಾರನ್ನು ಹೊರಹಾಕುತ್ತಾರೆ ಎಂಬ ಲೆಕ್ಕ ಇಡುವುದು, ಈ ಕೆಲಸವನ್ನೆಲ್ಲ ಆ ಹೆಂಗಸರು ನಡೆಸಿದರು. ಗಂಡಸರು ಜೈಲಿನಿಂದ ಹೊರಬಂದ ಮೇಲೆ, 1882ರಲ್ಲಿ, ಆ ಸಂಘವನ್ನು ಮುಚ್ಚಿಸಲಾಯಿತು. ಡ್ಯಾವಿಟ್ ಅವರನ್ನು ಉದಾರವಾಗಿಯೇ ಹೊಗಳುತ್ತಾನೆ. ಹೊಗಳಿಕೆ ಆನಾ ಪಾರ್ನೆಲ್‌ಗೆ ಸಾಕಾಗಲಿಲ್ಲ. 1907ರ ಹೊತ್ತಿಗೆ ಆಕೆ ತನ್ನದೇ ಕಥನ ಬರೆದಳು, ಲ್ಯಾಂಡ್ ಲೀಗ್‌ನ ಗಂಡಸರು ಹೇಳಿದ್ದಕ್ಕೂ ಮಾಡಿದ್ದಕ್ಕೂ ಇದ್ದ ದೂರವನ್ನು ಕಠಿಣವಾಗಿ ಅಳೆದಳು. ಅದು ಅಚ್ಚಾದದ್ದು 1986ರಲ್ಲಿ. ಆಕೆ ತೀರಿಕೊಂಡದ್ದು 1911ರಲ್ಲಿ. ನನ್ನ ಕಚೇರಿಯ ಕಡತಗಳಲ್ಲಿ ನಮೂನೆ 7ರ ಅರ್ಜಿದಾರರ ಹೆಸರು ನೋಡುತ್ತ ಹೋದರೆ ಗಂಡಸರದೇ ಸಾಲು. ನೆಟ್ಟಿ ಮಾಡಿದವಳು, ಕಳೆ ಕಿತ್ತವಳು, ಕೊಯಿಲಿಗೆ ಬಗ್ಗಿದವಳು ಕಾಣಿಸುವುದು ವಿಧವೆಯಾದ ಮೇಲೆ, ವಾರಸುದಾರಳಾಗಿ. ನನ್ನ ಅಜ್ಜಿಯೂ ಹಾಗೆಯೇ ಕಡತ ಸೇರಿದವಳು.

ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಡ್ಯಾವಿಟ್ ಗೆದ್ದ ಕಥೆಗಿಂತ ಸೋತ ಕಥೆ. 1881ರ ಕಾನೂನು ನ್ಯಾಯಾಲಯದ ಮೂಲಕ ಗೇಣಿ ನಿಗದಿಪಡಿಸಿತು, 15 ವರ್ಷ ಅದನ್ನು ಏರಿಸುವಂತಿಲ್ಲ ಎಂದಿತು. ಆಮೇಲೆ ಬಂದ ಕಾನೂನುಗಳು ಗೇಣಿದಾರರಿಗೆ ಸರ್ಕಾರದ ಸಾಲ ಕೊಟ್ಟು ನೆಲ ಕೊಳ್ಳುವ ದಾರಿ ತೆರೆದವು. 1903ರ ವಿಂಡಮ್ ಕಾನೂನು ಅದರಲ್ಲಿ ದೊಡ್ಡದು. ಒಡೆಯರಿಗೆ ಬೆಲೆಯ ಮೇಲೆ ಶೇಕಡಾ 12ರಷ್ಟು ಬೋನಸ್, ರೈತರಿಗೆ 68 ವರ್ಷ ಮೀರಿದ ಕಂತು. ಡ್ಯಾವಿಟ್‌ಗೆ ಇದು ಒಪ್ಪಿಗೆಯಾಗಲಿಲ್ಲ. ತಲೆಮಾರುಗಳ ಕಾಲ ಸುಲಿದವರಿಗೆ ಇಷ್ಟು ಬೆಲೆ ಯಾಕೆ ಎಂಬುದು ಒಂದು ಆಕ್ಷೇಪ. ಇನ್ನೊಂದು ಅದಕ್ಕಿಂತ ಆಳದ್ದು. 1881ರಲ್ಲಿ ಮತ್ತೆ ಜೈಲಿಗೆ ಹೋದಾಗ ಅವನು ಮುಟ್ಟಿದ ತೀರ್ಮಾನವೆಂದರೆ ನೆಲ ಖಾಸಗಿ ಸ್ವತ್ತಾಗಬಾರದು, ಅದು ಇಡೀ ಜನತೆಯ ಆಸ್ತಿಯಾಗಬೇಕು, ಉಳುವವನು ಸಮಾಜಕ್ಕೆ ಕರ ಕೊಟ್ಟು ನಿಶ್ಚಿಂತೆಯಿಂದ ಉಳಬೇಕು ಎಂಬುದು. ಅಮೆರಿಕದ ಅರ್ಥಶಾಸ್ತ್ರ ಚಿಂತಕ ಹೆನ್ರಿ ಜಾರ್ಜ್‌ನ ವಿಚಾರಗಳ ಬಲವೂ ಇದಕ್ಕಿತ್ತು. 1882ರಲ್ಲಿ ಅವನು ಇದನ್ನು ಬಹಿರಂಗವಾಗಿ ಹೇಳಿದಾಗ ಪಾರ್ನೆಲ್ ಕೈಬಿಟ್ಟ. ರೈತರೂ ಕೇಳಲಿಲ್ಲ. ಅವರಿಗೆ ತಮ್ಮ ಹೆಸರಿನ ತುಂಡು ನೆಲ ಬೇಕಿತ್ತು. ನನ್ನ ಅಜ್ಜನಿಗೂ ಅದೇ ಬೇಕಿತ್ತು.

ನಮ್ಮಲ್ಲಿ ದಾರಿ ಬೇರೆ. ಅಂಕೋಲೆಯ ದಿನಕರ ದೇಸಾಯಿಯವರು ಸ್ವಾತಂತ್ರ್ಯಕ್ಕೂ ಮೊದಲೇ ಕರಾವಳಿಯ ರೈತರನ್ನು ಕಟ್ಟಿ, ಅದಕ್ಕಾಗಿ ಜಿಲ್ಲೆಯಿಂದ ಗಡೀಪಾರಾದವರು. ಘಟ್ಟದ ಮೇಲೆ ಪಕ್ಕದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದರು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವರು ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆದರು. ಐರ್ಲೆಂಡಿನ ರೈತ 68 ವರ್ಷ ಕಂತು ಕಟ್ಟಬೇಕಾದ ಕಾನೂನಿಗೆ ಹೋಲಿಸಿದರೆ ನಮ್ಮದು ಎಷ್ಟೋ ಧೀರ ಕಾನೂನು. ಈ ಪುಸ್ತಕ ಓದಿದ ಮೇಲೆ ಅದರ ಮೇಲಿನ ನನ್ನ ಗೌರವ ಹೆಚ್ಚಾಯಿತು. ಆ ಹಕ್ಕಿನ ನಮೂನೆ 10ರ ಪ್ರಮಾಣಪತ್ರ ಕೈಗೆ ಬಂದ ದಿನ ಅದನ್ನು ದೇವರ ಮುಂದೆ ಇಟ್ಟ ಮನೆಗಳನ್ನು ನಾನು ಬಲ್ಲೆ.

ಆದರೆ ಡ್ಯಾವಿಟ್ ಕೇಳಿದ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಗೇಣಿದಾರ ಒಡೆಯನಾದ ಮೇಲೆ ಕೂಲಿಯವನ ಗತಿ ಏನು? ಅವನಿಗೆ ಗೇಣಿಯೂ ಇರಲಿಲ್ಲ, ಅರ್ಜಿಗೆ ಕಾಲಮ್ಮೂ ಇರಲಿಲ್ಲ. ಐರ್ಲೆಂಡಿನಲ್ಲಿ 1883ರಿಂದ ಕೂಲಿಕಾರರಿಗೆ ಅರ್ಧ ಎಕರೆ ಹಿತ್ತಲಿನ ಸಣ್ಣ ಮನೆಗಳನ್ನು ಸರ್ಕಾರಿ ಹಣದಿಂದ ಕಟ್ಟಿಸುವ ಕಾನೂನುಗಳು ಬಂದವು. ನಮ್ಮ ಕಾನೂನಿನಲ್ಲೂ ಕೃಷಿ ಕಾರ್ಮಿಕರು ವಾಸವಿದ್ದ ಮನೆಯ ಜಾಗಕ್ಕೆ ಹಕ್ಕು ಕೊಡುವ ಅವಕಾಶವಿತ್ತು. ಎರಡೂ ಕಡೆ ಹೊಲ ಮಾತ್ರ ಅವರಿಗೆ ಸಿಗಲಿಲ್ಲ. ನಮ್ಮ ಗಜನಿಯ ಒಡ್ಡಿಗೆ ಅಜ್ಜನ ಜೊತೆ ಮಣ್ಣು ಹೊತ್ತ ಹಾಲಕ್ಕಿ ಸಮುದಾಯದ ಕುಟುಂಬದವರ ಹೆಸರು ಯಾವ ಅರ್ಜಿಯಲ್ಲೂ ಇಲ್ಲ. ಇನ್ನೊಂದು ಸಂಗತಿಯೂ ಇದೆ. ಅಷ್ಟು ಕಷ್ಟಪಟ್ಟು ಪಡೆದ ಗಜನಿಯನ್ನು 1990ರ ದಶಕದಿಂದ ಎಷ್ಟೋ ಮನೆಗಳು ಸಿಗಡಿ ಕೆರೆಗಳಿಗೆ ಗುತ್ತಿಗೆ ಕೊಟ್ಟವು. ಕಗ್ಗ ಬೆಳೆಯುವವರು ಇಂದು ಕೈಬೆರಳಿಗೆ ಸಿಗುವಷ್ಟು. ಗೋಕರ್ಣದ ಕಡೆ ಸಮುದ್ರದ ಪಕ್ಕದ ಗುಡ್ಡೆಗಳು ರೆಸಾರ್ಟುಗಳಾಗಿವೆ. ಹಕ್ಕುಪತ್ರ ಸಿಕ್ಕ ನೆಲ ಮಾರುಕಟ್ಟೆಗೆ ಹೋಗುವುದನ್ನು ತಡೆಯುವುದು ಹೇಗೆ ಎಂದು ಡ್ಯಾವಿಟ್ 140 ವರ್ಷಗಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದ. ಅವನ ಉತ್ತರ ಪೂರ್ತಿ ನನಗೆ ಒಪ್ಪಿಗೆಯಿಲ್ಲ. ನೆಲವೆಲ್ಲ ಸರ್ಕಾರದ್ದಾದರೆ ಏನಾಗುತ್ತದೆ ಎಂಬುದನ್ನು ಕಾರವಾರದಿಂದ ಅಂಕೋಲೆಯವರೆಗೆ ನೌಕಾನೆಲೆಗಾಗಿ ಊರು ಬಿಟ್ಟವರು ಚೆನ್ನಾಗಿ ಹೇಳಬಲ್ಲರು. ಆದರೂ ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಭೂಸುಧಾರಣೆಯ ಬಗ್ಗೆ ಬರುವ ಅಭಿನಂದನಾ ಗ್ರಂಥಗಳಲ್ಲಿ ಅದು ಕಾಣುವುದಿಲ್ಲ.

ಪುಸ್ತಕದ ದೋಷಗಳೂ ಕಡಿಮೆಯಿಲ್ಲ. ಮೊದಲ ಅಧ್ಯಾಯಗಳಲ್ಲಿ ಪ್ರಾಚೀನ ಐರಿಶ್ ಕುಲಗಳ ಸಾಮೂಹಿಕ ಭೂಮಿಯ ವರ್ಣನೆ ಅತಿಯಾಗಿ ಸಿಹಿಯಾಗಿದೆ. ಭಾಷಣಗಳನ್ನು, ತಂತಿಗಳನ್ನು, ಪತ್ರಿಕಾ ವರದಿಗಳನ್ನು ಉದ್ದುದ್ದವಾಗಿ ಎತ್ತಿ ಹಾಕುತ್ತಾನೆ. ದಾಖಲೆ ಪ್ರಿಯಳಾದ ನನಗೂ ಕೆಲವು ಕಡೆ ಸಾಕಾಯಿತು. ಪಾರ್ಲಿಮೆಂಟಿನ ಒಳಜಗಳಗಳ ಭಾಗ, ಪಾರ್ನೆಲ್‌ನ ಖಾಸಗಿ ಜೀವನದಿಂದಾಗಿ ಪಕ್ಷ ಒಡೆದ ಭಾಗ ಬೇಗ ದಾಟಿ ಹೋಗಬಹುದು. ಆದರೆ ಭಾರತದ ಓದುಗರು ಒಂದು ಕಡೆ ಮಾತ್ರ ನಿಲ್ಲಲೇಬೇಕು. ದಾದಾಭಾಯಿ ನವರೋಜಿ ಅವರನ್ನು ಐರ್ಲೆಂಡಿನ ಒಂದು ಕ್ಷೇತ್ರದಿಂದ ಗೆಲ್ಲಿಸಿ ಪಾರ್ಲಿಮೆಂಟಿಗೆ ಕಳಿಸೋಣ ಎಂದು ಪಾರ್ನೆಲ್‌ಗೆ ಸೂಚಿಸಿದವನು ಡ್ಯಾವಿಟ್. ಅದು ನಡೆಯಲಿಲ್ಲ. 1894ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರು ಐರಿಶ್ ಸಂಸದ ಆಲ್ಫ್ರೆಡ್ ವೆಬ್ ಎಂಬುದು ಬೇರೆ ಕಥೆ, ಅದನ್ನೂ ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ.

750 ಪುಟ ನೋಡಿ ಹೆದರುವವರು ಅವನದೇ ‘ಲೀವ್ಸ್ ಫ್ರಂ ಎ ಪ್ರಿಸನ್ ಡೈರಿ’ಯಿಂದ ಆರಂಭಿಸಬಹುದು. ಪೋರ್ಟ್‌ಲ್ಯಾಂಡ್ ಜೈಲಿನಲ್ಲಿ ತಾನು ಸಾಕಿದ್ದ ಕಪ್ಪು ಹಕ್ಕಿಯೊಂದಕ್ಕೆ ಉಪನ್ಯಾಸ ಕೊಡುತ್ತಿರುವಂತೆ ಬರೆದ, 1885ರಲ್ಲಿ ಅಚ್ಚಾದ ಪುಸ್ತಕ ಅದು. ಕಳ್ಳರು, ಕೈದಿಗಳು, ಶಿಕ್ಷೆಯ ಪದ್ಧತಿ, ಶಿಕ್ಷಣ, ನೆಲದ ಒಡೆತನ, ಎಲ್ಲವೂ ಅದರಲ್ಲಿದೆ. ಓದಲು ಹಗುರ. ಕೂಲಿಯವರ ಕಡೆಯಿಂದಲೇ ಐರ್ಲೆಂಡಿನ ಇತಿಹಾಸ ನೋಡಬೇಕೆನ್ನುವವರಿಗೆ ಜೇಮ್ಸ್ ಕಾನೊಲಿ 1910ರಲ್ಲಿ ಪ್ರಕಟಿಸಿದ ‘ಲೇಬರ್ ಇನ್ ಐರಿಶ್ ಹಿಸ್ಟರಿ’ ಇದೆ. ಚಿಕ್ಕದು, ಚೂಪಾದದ್ದು. ಡ್ಯಾವಿಟ್ ಮೆತ್ತಗೆ ಹೇಳಿದ್ದನ್ನು ಅವನು ನೇರವಾಗಿ ಹೇಳುತ್ತಾನೆ.

ಕೊಳ್ಳುವವರಿಗೆ ನನ್ನ ಸಲಹೆ: ಬೇಡಿಕೆಯ ಮೇಲೆ ಅಚ್ಚಾಗುವ ಪ್ರತಿಗೆ ಹಣ ಹಾಕುವ ಮೊದಲು ಮಾದರಿ ಪುಟ ಕೇಳಿ. ಕೊಡದಿದ್ದರೆ ಬಿಡಿ. ಪಠ್ಯವನ್ನು ಯಂತ್ರ ಓದಿ ತಯಾರಿಸಿದ ಅಗ್ಗದ ಇ-ಪುಸ್ತಕಗಳನ್ನು ನಂಬಬೇಡಿ, ಇಸವಿಗಳು, ಊರುಗಳ ಹೆಸರುಗಳು ಕೆಟ್ಟಿರುತ್ತವೆ. ಆರ್ಕೈವ್‌ನ ಸ್ಕ್ಯಾನ್ ಇಳಿಸಿಕೊಂಡು, ಲ್ಯಾಂಡ್ ಲೀಗ್‌ನ ಮೂರು ವರ್ಷಗಳ ಅಧ್ಯಾಯಗಳನ್ನಷ್ಟೇ ಎ4 ಹಾಳೆಯಲ್ಲಿ, ಒಳ ಅಂಚು ಅಗಲ ಬಿಟ್ಟು ಮುದ್ರಿಸಿ ಹೊಲಿಸಿಕೊಳ್ಳಿ. ಕಣ್ಣಿಗೂ ಜೇಬಿಗೂ ಅದೇ ಒಳ್ಳೆಯದು. ಕಾರವಾರ, ಶಿರಸಿ, ಕುಮಟಾಗಳ ಗ್ರಂಥಾಲಯಗಳಲ್ಲಿ ಹೀಗೆ ಹೊಲಿದ ಒಂದೊಂದು ಪ್ರತಿ ಇರಬೇಕೆಂಬುದು ನನ್ನ ಆಸೆ. ಆನಾ ಪಾರ್ನೆಲ್ ಬರೆದದ್ದು ಎಲ್ಲಿಯಾದರೂ ಸಿಕ್ಕರೆ ಅದನ್ನೂ ಅದರ ಪಕ್ಕದಲ್ಲೇ ಇಡಬೇಕು. ನನ್ನ ಪ್ರತಿ ಬೇಕಾದವರು ಮನೆಗೆ ಬಂದು ಓದಬಹುದು. ಅದನ್ನು ಹೊರಗೆ ಒಯ್ಯಲು ಮಾತ್ರ ಕೊಡುವುದಿಲ್ಲ.